ಬತ್ತಿ ಡಬ್ಬಿಯ ಮಳೆಗಾಲ

ಹೋದ ಆಷಾಢದ ಒಂದು ಸಂಜೆ ವಿನೋಬನಗರದ ನಮ್ಮ ಬೀದಿಗೆ ಕರೆಂಟು ಹೋಯಿತು. ಇನ್ವರ್ಟರು ಎರಡು ಸಲ ಕೀ ಕೀ ಎಂದು ಅದೂ ಮಲಗಿತು. ಮೇಣದಬತ್ತಿ ಎಲ್ಲಿಟ್ಟಿದ್ದೇವೆಂದು ನನಗೂ ನೆನಪಿಲ್ಲ, ಸೊಸೆಗೂ ನೆನಪಿಲ್ಲ. ಮಂಡಿಗೆ ತಿಕ್ಕಿಕೊಳ್ಳಲು ತಂದಿಟ್ಟಿದ್ದ ಹರಳೆಣ್ಣೆಯ ಬಾಟಲಿ ಕೈಗೆ ಸಿಕ್ಕಿತು. ಅದನ್ನೇ ಹಣತೆಗೆ ಹೊಯ್ದು ದೀಪ ಹಚ್ಚಿದೆ.

ಹರಳೆಣ್ಣೆ ದೀಪದ ಬೆಳಕು ತೆಳು, ವಾಸನೆ ದಪ್ಪ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಗಕ್ಕನೆ ಹಿಂದಕ್ಕೆ ತಿರುಗಿ ನೋಡಿದೆ. ಯಾರೋ ಬೆನ್ನ ಹಿಂದೆ ನಿಂತು ನನ್ನ ಕೈಯನ್ನೇ ಗಮನಿಸುತ್ತಿದ್ದಾರೆ ಎನ್ನಿಸಿತು.

"ಯಾರನ್ನ ಹುಡುಕ್ತಿದ್ದೀರಿ ಅತ್ತೆ?" ಎಂದಳು ಸೊಸೆ.

"ಯಾರನ್ನೂ ಇಲ್ಲ ಕಣೆ. ನಮ್ಮ ಮೇಷ್ಟ್ರು ಬಂದ್ರೇನೋ ಅಂದ್ಕೊಂಡೆ."

ಮೇಷ್ಟ್ರು ಹೋಗಿ ಎಷ್ಟೋ ವರ್ಷಗಳಾದವು. ಸೊಸೆ ನನ್ನ ಮುಖವನ್ನು ಒಂದು ಥರಾ ನೋಡಿ ಒಳಗೆ ಹೋದಳು. ಅವಳ ತಪ್ಪಿಲ್ಲ. ಆ ಮಳೆಗಾಲದಲ್ಲಿ ನಾವೆಲ್ಲರೂ ಒಬ್ಬರ ಮುಖವನ್ನೊಬ್ಬರು ಹಾಗೆಯೇ ನೋಡುತ್ತಿದ್ದೆವು.

ನಾವು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಅದು. ಆಣೆ ಹೋಗಿ ನಯಾಪೈಸೆ ಬಂದಿತ್ತು, ಅದರ ಬೆನ್ನಿಗೇ ಸೇರನ್ನು ಓಡಿಸಿಕೊಂಡು ಕಿಲೋ ಬರುತ್ತಿತ್ತು. ಶಿವಮೊಗ್ಗಕ್ಕೆ ಶಿವಮೊಗ್ಗವೇ ಅಳತೆಗಳ ಮೇಲೆ ಅನುಮಾನಪಡುತ್ತಿದ್ದ ಕಾಲ. ಗಾಂಧಿ ಬಜಾರಿನಲ್ಲಿ ಹೆಂಗಸರು ತಕ್ಕಡಿಯ ಮುಳ್ಳನ್ನು ಬಿಟ್ಟು ಅಂಗಡಿಯವನ ಹೆಬ್ಬೆರಳನ್ನು ನೋಡುತ್ತಿದ್ದರು. ನನ್ನ ಅಮ್ಮ ಅಂಗಡಿಯಿಂದ ತಂದ ಬೇಳೆಯನ್ನು ಮನೆಯ ಹಳೇ ಪಾವಿನಲ್ಲಿ ಮತ್ತೆ ಅಳೆದು, "ಕಿಲೋ ಅಂತೆ ಕಿಲೋ! ಹೆಸರು ಬದಲಾಯ್ಸಿ ಹೊಟ್ಟೆ ಮೇಲೆ ಹೊಡೀತಾರೆ" ಎಂದು ಗೊಣಗದೆ ಡಬ್ಬಿಗೆ ತುಂಬುತ್ತಿರಲಿಲ್ಲ.

ಅಂಥ ಕಾಲಕ್ಕೆ ತಕ್ಕಂತೆ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸಾಯಿನ್ಸ್ ಮೇಷ್ಟ್ರಾಗಿ ಬಂದವರು ಸದಾಶಿವಯ್ಯನವರು. ಕೈಗಡಿಯಾರ ನೋಡಿಕೊಂಡ ಮೇಲೆ ಗೋಡೆ ಗಡಿಯಾರವನ್ನೂ ನೋಡುವವರು. ಎರಡೂ ಒಂದೇ ಸಮಯ ತೋರಿಸಿದರೆ ಇನ್ನಷ್ಟು ಅನುಮಾನ ಪಡುವವರು. ಮೊದಲನೇ ದಿನವೇ ಮೇಜು ಕುಟ್ಟಿ ಹೇಳಿದ್ದರು:

"ಸಾಯಿನ್ಸ್ ಅಂದ್ರೇನು ಗೊತ್ತೇನ್ರಮ್ಮಾ? ಅನುಮಾನ! ಅನ್ನಿಸಿದ್ದನ್ನ ನಂಬಬೇಡಿ. ಯಾರೋ ಹೇಳಿದ್ದನ್ನ ನಂಬಬೇಡಿ. ನಾನು ಹೇಳಿದ್ದನ್ನೂ ನಂಬಬೇಡಿ. ಅಳೆದು ನೋಡಿ."

ಈ ಕೊನೆಯ ಮಾತು ನಮಗೆ ಬಹಳ ಹಿಡಿಸಿತ್ತು. ಮೇಷ್ಟ್ರೇ ತಮ್ಮನ್ನು ನಂಬಬೇಡಿ ಎನ್ನುವುದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಭದ್ರಾವತಿಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು. ಬೇರೆ ಶಾಲೆಯವರು ಜ್ವಾಲಾಮುಖಿ, ನೀರಿನ ಚಕ್ರ ಅಂತ ಮಾಡಿದರೆ, ನಮ್ಮ ಮೇಷ್ಟ್ರು ಬೆಳಕನ್ನು ಅಳೆಯುವ ಸಾಧನ ಮಾಡಿಸುತ್ತೇನೆಂದು ಹೊರಟರು. ಫೋಟೋಮೀಟರು. ಹೆಸರು ದೊಡ್ಡದು, ವಸ್ತು ಸಣ್ಣದು. ಒಂದು ಉದ್ದನೆಯ ಹಲಗೆ. ನಡುವೆ ಚೌಕಟ್ಟಿಗೆ ಬಿಗಿದ ಬಿಳಿ ಕಾಗದ. ಕಾಗದದ ಮಧ್ಯೆ ಒಂದು ಎಣ್ಣೆಯ ಕಲೆ. ಆ ಕಲೆಯ ಎಣ್ಣೆ ನನ್ನ ಜಡೆಯದು, ಮೇಷ್ಟ್ರು "ಯಾರ ತಲೇಲಿ ಎಣ್ಣೆ ಜಾಸ್ತಿ ಇದೆ?" ಎಂದು ಕೇಳಿದಾಗ ಇಡೀ ಕ್ಲಾಸು ನನ್ನ ಕಡೆ ತಿರುಗಿತ್ತು. ಕಾಗದದ ಎಡಕ್ಕೊಂದು ದೀಪ, ಬಲಕ್ಕೊಂದು ದೀಪ. ಒಂದು ಕಡೆಯ ಬೆಳಕು ಹೆಚ್ಚಾದರೆ ಕಲೆ ಎದ್ದು ಕಾಣುತ್ತದೆ. ಬಲಗಡೆಯ ದೀಪವನ್ನು ಹಿಂದೆ ಮುಂದೆ ಸರಿಸುತ್ತಾ ಬಂದರೆ ಒಂದು ಜಾಗದಲ್ಲಿ ಕಲೆ ಮಾಯವಾಗುತ್ತದೆ. ಅಲ್ಲಿಗೆ ಎರಡೂ ಕಡೆಯ ಬೆಳಕು ಸಮ ಎಂದರ್ಥ.

ಎಡಗಡೆಯ ದೀಪ ಅಳತೆಯ ದೀಪ. ಅದು ಜಾಗ ಬಿಟ್ಟು ಕದಲುವಂತಿಲ್ಲ. ಬಲಗಡೆ ಅಂಥದ್ದೇ ಒಂದು ದೀಪವಿಟ್ಟು, ಕಲೆ ಮಾಯವಾದ ಕಡೆ ಹಲಗೆಯ ಮೇಲೆ "ಒಂದು" ಎಂದು ಪೆನ್ಸಿಲ್ ಗುರುತು. ನಾಲ್ಕು ದೀಪ ಒಟ್ಟಿಗೆ ಇಟ್ಟು ಸರಿಸಿದರೆ "ನಾಲ್ಕು" ಎಂಬ ಗುರುತು. ಅದು ಮೊದಲಿನದಕ್ಕಿಂತ ಸರಿಯಾಗಿ ಎರಡರಷ್ಟು ದೂರಕ್ಕೆ ಬೀಳಬೇಕು. ಹೀಗೆ ಗುರುತುಗಳೆಲ್ಲ ಕೂತ ಮೇಲೆ, ಯಾವ ಲಾಟೀನು ತಂದಿಟ್ಟರೂ ಅದು ಎಷ್ಟು ದೀಪದ ಬೆಳಕು ಎಂದು ಹಲಗೆ ನೋಡಿ ಹೇಳಿಬಿಡಬಹುದು.

"ಮೇಣದಬತ್ತಿನೇ ಇಡಬಹುದಲ್ಲ ಸಾರ್?" ಎಂದು ಹಿಂದಿನ ಬೆಂಚಿನ ವಿಮಲಾ ಕೇಳಿದ್ದಳು.

"ಅಂಗಡಿ ಮೇಣದಬತ್ತಿನ ನಂಬೋದು ಹೆಂಗಮ್ಮಾ? ಒಂದರ ದಾರ ದಪ್ಪ, ಇನ್ನೊಂದರದ್ದು ಸಣ್ಣ. ನಮ್ಮ ದೀಪ ನಾವೇ ಮಾಡೋಣ."

ಹಾಗೆ ಹರಳೆಣ್ಣೆಯ ದೀಪ ಬಂತು. ಒಂದೇ ಅಳತೆಯ ಹಿತ್ತಾಳೆ ಬಟ್ಟಲುಗಳು ಬೇಕಿದ್ದವು; ಅವನ್ನು ತಂದುಕೊಟ್ಟವಳು ಜೈಬು. ಜೈಬುನ್ನಿಸಾ ನನ್ನ ಪಕ್ಕದಲ್ಲಿ ಕೂರುವವಳು. ಅವಳ ಅಪ್ಪ ಗಫೂರ್ ಸಾಹೇಬರದು ಭದ್ರಾವತಿ ರಸ್ತೆಯಲ್ಲಿ ಲಾರಿ ರಿಪೇರಿ ಗ್ಯಾರೇಜು. ಮಗಳು ಕೇಳಿದಳೆಂದು ಅವರು ಯಾವುದೋ ಹಳೇ ಯಂತ್ರದ ಹಿತ್ತಾಳೆ ಮುಚ್ಚಳಗಳನ್ನು ಕೊಯ್ದು ಉಜ್ಜಿ ಬಟ್ಟಲು ಮಾಡಿ, ಬತ್ತಿ ಕೂರಲು ಬಾಯಿ ಮಾಡಿಕೊಟ್ಟಿದ್ದರು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮೇಷ್ಟ್ರು ಅವನ್ನು ತಿರುತಿರುಗಿಸಿ ನೋಡಿ, ತೂಗಿ ನೋಡಿ, ಕೊನೆಗೆ ದೀಪಗಳ ಜವಾಬ್ದಾರಿ ಜೈಬುಗೇ ಎಂದರು.

ಬತ್ತಿಯ ಕೆಲಸ ನನಗೆ ಬಂತು. ಮೇಷ್ಟ್ರು ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ ಲ್ಯಾಬಿನ ತಕ್ಕಡಿಯಲ್ಲಿ ತೂಗಿ ಕೊಡುವುದು, ನಾನು ಹೊಸೆಯುವುದು. ಒಂದೇ ತೂಕ, ಒಂದೇ ಉದ್ದ, ಒಂಟಿ ಎಳೆ. ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ ತುಂಬಾ ಹೊಸೆದಿಟ್ಟೆ. ಪ್ರತಿ ಸಲವೂ ಹೊಸ ಬತ್ತಿ. ಸುಟ್ಟ ತುದಿಯ ಬತ್ತಿಯನ್ನು ಮೇಷ್ಟ್ರು ನಂಬುತ್ತಿರಲಿಲ್ಲ.

ಜೈಬುಗೆ ಆ ಕೆಲಸ ಸಿಕ್ಕಿದ್ದರಿಂದ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಏಕೆಂದರೆ ಅವಳು ಶಾಲೆಗೆ ಬರುತ್ತಿದ್ದುದೇ ಒಂದು ಷರತ್ತಿನ ಮೇಲೆ. ಭದ್ರಾವತಿಯಲ್ಲಿದ್ದ ಅವಳ ಸೋದರತ್ತೆ ತನ್ನ ಮಗನಿಗೆ ಅವಳನ್ನು ಆಗಲೇ ಕೇಳುತ್ತಿದ್ದರು. ಹುಡುಗ ಕಾರ್ಖಾನೆಯಲ್ಲಿದ್ದ. ಗಫೂರ್ ಸಾಹೇಬರು, "ಓದು ಮುಗೀಲಿ" ಎಂದು ತಡೆದಿದ್ದರು. ಮಗಳಿಗೆ ಮಾತ್ರ ನನ್ನೆದುರಿಗೇ ಹೇಳಿದ್ದರು: "ನೋಡು ಬೇಟಿ, ಮನೆಯೋರೆಲ್ಲರ ಹತ್ರ ನಾನು ಜಗಳ ಆಡಿ ಕಳಿಸ್ತಿದ್ದೀನಿ. ಸ್ಕೂಲಿಂದ ಒಂದು ಕಂಪ್ಲೇಂಟ್ ಬಂತೋ, ಆಮೇಲೆ ನನ್ ಬಾಯಿ ಮುಚ್ಚೋಗತ್ತೆ."

ಜೈಬುಗೆ ಟೀಚರ್ ಆಗಬೇಕೆಂಬ ಆಸೆ. ಲೆಕ್ಕದ ಟೀಚರ್. ಊಟದ ಬಿಡುವಿನಲ್ಲಿ ಖಾಲಿ ಕ್ಲಾಸಿನಲ್ಲಿ ಕಪ್ಪು ಹಲಗೆಯ ಮುಂದೆ ನಿಂತು ನನಗೆ ಪಾಠ ಮಾಡುತ್ತಿದ್ದಳು. ಉತ್ತರ ತಪ್ಪಿದರೆ ಸೀಮೆಸುಣ್ಣದಲ್ಲಿ ಹೊಡೆಯುತ್ತಿದ್ದಳು.

ಮೊದಲ ವಾರ ಎಲ್ಲವೂ ಸರಿಹೋಯಿತು. ಕಿಟಕಿಗಳಿಗೆ ಕಂಬಳಿ ಕಟ್ಟಿ ಕೋಣೆಯನ್ನು ಕತ್ತಲು ಮಾಡಿ, ಜೈಬು ದೀಪ ಹಚ್ಚಿ, ಮೇಷ್ಟ್ರು ಹಲಗೆಗೆ ಬಗ್ಗಿ, "ಹೋಯ್ತು... ಹೋಯ್ತು... ಕಲೆ ಹೋಯ್ತು! ಗುರುತು ಹಾಕಿ!" ಎಂದು ಕೂಗುತ್ತಿದ್ದರು. "ಒಂದು" ಕೂತಿತು. "ನಾಲ್ಕು" ಸರಿಯಾಗಿ ಎರಡರಷ್ಟು ದೂರದಲ್ಲಿ ಕೂತಿತು. ಅವತ್ತು ಮೇಷ್ಟ್ರು ನಗುವುದನ್ನು ನಾವು ಮೊದಲ ಸಲ ಕಂಡೆವು.

ಆಮೇಲೆ ಮಳೆ ಹಿಡಿಯಿತು. ತುಂಗೆ ಕೆಂಪಗಾದಳು. ಶಾಲೆಯ ಹಂಚಿನ ಸಂದಿಯಿಂದ ತೊಟ್ಟಿಕ್ಕದ ಬೆಂಚೇ ಇರಲಿಲ್ಲ. ಪುಸ್ತಕಗಳ ರಟ್ಟು ಬೂಷ್ಟು ಹಿಡಿದು ಹಸಿರಾಯಿತು. ಹತ್ತಿ ಶೀತ ಹಿಡಿಯುತ್ತದೆಂದು ಮೇಷ್ಟ್ರು ಬತ್ತಿ ಡಬ್ಬಿಯನ್ನು ದಿನಾ ಸಂಜೆ ಹೊಸಮನೆಯ ತಮ್ಮ ಮನೆಗೆ ಒಯ್ದು ಒಲೆಯ ಮೇಲಿನ ಹಲಗೆಯಲ್ಲಿಟ್ಟು, ಬೆಳಿಗ್ಗೆ ತರತೊಡಗಿದರು. ಅದರಲ್ಲಿ ನಮಗ್ಯಾರಿಗೂ ವಿಶೇಷ ಕಾಣಲಿಲ್ಲ. ಮಳೆಗಾಲದಲ್ಲಿ ಉಪ್ಪು, ಹಪ್ಪಳ, ಬೆಂಕಿಪೊಟ್ಟಣ ಎಲ್ಲದರ ವಾಸವೂ ಅಲ್ಲೇ ತಾನೇ.

ಅದಾದ ಕೆಲವೇ ದಿನಕ್ಕೆ ಗುರುತು ತಪ್ಪಿತು. ಎರಡೂ ಕಡೆ ಒಂದೊಂದೇ ದೀಪ, ಆದರೂ ಕಲೆ ಮಾಯವಾದದ್ದು "ಒಂದು" ಎಂಬ ಗುರುತಿಗಿಂತ ನಾಲ್ಕು ಬೆರಳು ಆಚೆಗೆ. ಬತ್ತಿ ಬದಲಾಯಿಸಿ ನೋಡಿದರೆ ಅಷ್ಟೇ ಈಚೆಗೆ. ಮರುದಿನ ಸರಿ. ಅದರ ಮರುದಿನ ಮತ್ತೆ ತಪ್ಪು.

ಮೇಷ್ಟ್ರ ಅನುಮಾನ ಮೊದಲು ಎಣ್ಣೆಯ ಮೇಲೆ ಹೋಯಿತು. ಎಣ್ಣೆಯಂಗಡಿಗೆ ಹೋಗಿ ಡಬ್ಬಕ್ಕೆ ಮೂಗಿಟ್ಟು ಬಂದರು. ಅಂಗಡಿಯವರು ಆಮೇಲೆ ಅವರಿಗೆ ಎಣ್ಣೆ ಕೊಡಲಿಲ್ಲ. ಆಮೇಲೆ ನನ್ನ ಜಡೆಯ ಎಣ್ಣೆಯ ಮೇಲೆ. ಕಲೆ ಹರಡಿದೆಯೆಂದು ಕಾಗದ ಬದಲಾಯಿತು. ಆಮೇಲೆ ಗಾಳಿಯ ಮೇಲೆ, ಕಂಬಳಿಯ ತೂತಿನ ಮೇಲೆ, ಪಕ್ಕದ ಕೋಣೆಯಲ್ಲಿ ಹಾಡು ಹೇಳಿಕೊಡುತ್ತಿದ್ದ ಟೀಚರಮ್ಮನ ತಾಳದ ಮೇಲೆ.

"ಕೆಲವು ಬತ್ತಿ ದಪ್ಪ ಕಾಣ್ತವೆ ಸಾರ್" ಎಂದಳು ಒಂದು ದಿನ ಜೈಬು.

"ಶೀತಕ್ಕೆ ಉಬ್ಬಿವೆ. ಇನ್ನೂ ಬಿಸಿ ಇರೋ ಕಡೆ ಇಡಬೇಕು" ಎಂದರು ಮೇಷ್ಟ್ರು. ಅವತ್ತಿನಿಂದ ಡಬ್ಬಿ ಅವರ ಮನೆಯಲ್ಲಿ ಒಲೆಗೆ ಇನ್ನೂ ಹತ್ತಿರ ಹೋಯಿತು.

ಎಲ್ಲದಕ್ಕೂ ಮೇಲಾಗಿ, ಡಬ್ಬಿಯಲ್ಲಿ ಬತ್ತಿಗಳು ಕಡಿಮೆಯಾಗುತ್ತಿದ್ದವು. ಒಂದು ಮಧ್ಯಾಹ್ನ ಮೇಷ್ಟ್ರು ಡಬ್ಬಿಯನ್ನು ನಮ್ಮೆಲ್ಲರ ಮುಂದೆ ಓರೆ ಮಾಡಿ ಹಿಡಿದರು.

"ಮೇಲ್ತನಕ ಇತ್ತು. ನಾವು ಸುಟ್ಟಿದ್ದು ಎಷ್ಟು ಅಂತ ನನಗೆ ಗೊತ್ತು. ಉಳಿದಿದ್ದು ಎಲ್ಲಿ? ದೀಪದ ಜವಾಬ್ದಾರಿ ಯಾರದು?"

ಜೈಬು ಎದ್ದು ನಿಂತಳು. "ನನ್ದು ಸಾರ್."

"ಎಲ್ಲಿ ಹೋದವು?"

"ಗೊತ್ತಿಲ್ಲ ಸಾರ್. ನಾನು ಡಬ್ಬಿ ಮುಟ್ಟೋದೇ ನಿಮ್ಮೆದುರಿಗೆ."

"ಕತ್ತಲೇಲಿ ನನ್ನೆದುರಿಗೆ ಏನು, ಬೆನ್ನ ಹಿಂದೆ ಏನು?"

"ಅವರ ಗ್ಯಾರೇಜಿಗೆ ಬೇಕಾಗಿರುತ್ತೆ ಸಾರ್, ಲಾರಿ ಒರೆಸಕ್ಕೆ" ಎಂದಳು ಹಿಂದಿನಿಂದ ವಿಮಲಾ.

ಜೈಬು ಗರಕ್ಕನೆ ತಿರುಗಿದಳು. "ಲಾರಿ ಒರ್ಸಕ್ಕೆ ಬತ್ತೀನಾ? ಹಂಗಾದ್ರೆ ನಿಮ್ಮನೇಲಿ ಆನೆ ಹಲ್ಲುಜ್ಜಕ್ಕೆ ಬೇವಿನ ಕಡ್ಡಿ ಕೊಡ್ತಾರೇನೆ ಮಾರಾಯ್ತಿ?"

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ಜೈಬು ಅವರ ಕಡೆ ತಿರುಗಿ ಹೇಳಿದಳು: "ಸಾರ್, ನಮ್ಮನೇಲಿ ಇರೋದು ಲಾಟೀನು. ಅದಕ್ಕೆ ಪಟ್ಟಿ ಬತ್ತಿ. ಈ ಹತ್ತಿ ಬತ್ತಿ ತಗೊಂಡೋಗಿ ನಾನು ಏನ್ ಮಾಡ್ಲಿ?"

ಮಾತು ಸರಿಯಾಗಿತ್ತು. ಸರಿಯಾಗಿದ್ದದ್ದರಿಂದಲೇ ಅದು ನನ್ನ ಕಡೆ ತಿರುಗಿತು. ಹತ್ತಿ ಬತ್ತಿ ಯಾರ ಮನೆಗೆ ಬೇಕು? ದಿನಾ ದೇವರಿಗೆ ದೀಪ ಹಚ್ಚುವವರ ಮನೆಗೆ. ಹೊಸೆದವರು ಯಾರು? ಮೇಷ್ಟ್ರು ನನ್ನನ್ನು ಒಮ್ಮೆ ನೋಡಿದರು ಅಷ್ಟೇ. ಆ ನೋಟದ ಹಿಂದೆ ನಲವತ್ತು ಕಣ್ಣು ಬಂದು ನನ್ನ ಮೇಲೆ ಕೂತವು.

ಅಲ್ಲಿಂದ ಕ್ಲಾಸು ಕ್ಲಾಸಾಗಿ ಉಳಿಯಲಿಲ್ಲ. ಕಂಬಳಿ ಇಳಿಬಿಟ್ಟು ಕತ್ತಲಾದ ಕೂಡಲೇ ಎಲ್ಲರೂ ಕೈಗಳನ್ನು ಮೇಜಿನ ಮೇಲೆ ಕಾಣುವ ಹಾಗೆ ಇಡುತ್ತಿದ್ದೆವು. ಯಾರಾದರೂ ಕೆಮ್ಮಿದರೆ ಯಾಕೆ ಕೆಮ್ಮಿದಳು ಎನ್ನಿಸುತ್ತಿತ್ತು. ವಿಮಲಾ ಮೇಜಿನ ಸುತ್ತ ನೆಲಕ್ಕೆ ಸೀಮೆಸುಣ್ಣದ ಪುಡಿ ಚೆಲ್ಲಿ ಹೆಜ್ಜೆ ಹುಡುಕಿದಳು. ಸಿಕ್ಕಿದ್ದು ಮೇಷ್ಟ್ರ ಚಪ್ಪಲಿಯ ಗುರುತು ಮಾತ್ರ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸಂಜೆ ಕೊಡೆಯಡಿ ನಡೆಯುತ್ತಿದ್ದಾಗ ಜೈಬು ತಟಕ್ಕನೆ ಕೇಳಿದಳು: "ನೀನೇನಾ ಗಿರಿಜಾ?"

"ನಿಂಗೆ ಹಂಗನ್ನಿಸುತ್ತಾ?"

"ಅನ್ನಿಸಲ್ಲ. ಆದ್ರೆ ಅನ್ನಿಸಿದ್ದನ್ನ ನಂಬಬಾರ್ದು ಅಂತ ಸಾರ್ ಹೇಳಿದಾರಲ್ಲ."

ಅವಳು ತಮಾಷೆಗೆ ಅಂದಳೋ ನಿಜಕ್ಕೂ ಅಂದಳೋ ತಿಳಿಯಲಿಲ್ಲ. ಒಂದೇ ಕೊಡೆಯಲ್ಲಿ ಬರುತ್ತಿದ್ದ ನಾವು ಮರುದಿನದಿಂದ ಎರಡು ಕೊಡೆ ತಂದೆವು.

ವಿಷಯ ಹೆಡ್‌ಮಿಸ್ಟ್ರೆಸ್ ಕಿವಿಗೆ ಬಿತ್ತು. ಅವರು ಜೈಬುವನ್ನು ಕರೆಸಿ, "ಒಪ್ಪಿಕೊಂಡುಬಿಡು, ಇಲ್ಲಿಗೇ ಮುಗಿಸೋಣ" ಎಂದರಂತೆ. "ಮಾಡದೇ ಇರೋದನ್ನ ಹೆಂಗೆ ಒಪ್ಕೊಳ್ಲಿ ಮೇಡಂ?" ಎಂದಳಂತೆ ಇವಳು. ಎದುರು ಮಾತಾಡುತ್ತಾಳೆ ಎನ್ನುವುದೂ ಸೇರಿಕೊಂಡು ಗ್ಯಾರೇಜಿಗೆ ಜವಾನನ ಕೈಲಿ ಕರೆ ಹೋಯಿತು. ನಾಳೆ ತಂದೆಯವರು ಬರಬೇಕು.

ಆ ಸಂಜೆ ಜೈಬು ಖಾಲಿ ಕ್ಲಾಸಿನಲ್ಲಿ ಕಪ್ಪು ಹಲಗೆಯನ್ನು ಒರೆಸುತ್ತಾ ನಿಂತಿದ್ದಳು. ಅದರ ಮೇಲೆ ಏನೂ ಬರೆದಿರಲಿಲ್ಲ. "ಫುಪ್ಪೂಗೆ ಇವತ್ತೇ ಖುಷಿ ಸುದ್ದಿ ಹೋಗತ್ತೆ ಬಿಡು" ಎಂದಳು ನನ್ನನ್ನು ನೋಡದೆ. ಫುಪ್ಪೂ ಎಂದರೆ ಭದ್ರಾವತಿಯ ಆ ಸೋದರತ್ತೆ.

ಮರುದಿನ ಸುರಿದ ಮಳೆಯನ್ನು ನಾನು ಮರೆಯುವುದಿಲ್ಲ. ಗಫೂರ್ ಸಾಹೇಬರು ಒಗೆದ ಬಿಳಿ ಅಂಗಿ ಹಾಕಿಕೊಂಡು, ರಿಪೇರಿಗೆ ಬಂದ ಯಾರದೋ ಜೀಪಿನಲ್ಲಿ ಬಂದರು. ಟೋಪಿ ತೊಯ್ದಿತ್ತು. ಉಗುರಿನೊಳಗಿನ ಗ್ರೀಸು ಮಾತ್ರ ಒಗೆದರೂ ಹೋಗಿರಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿ ನಿಂತರು.

"ನನ್ ಮಗಳು ಕಳ್ಳಿ ಆದ್ರೆ ಇವತ್ತೇ ಕರ್ಕೊಂಡೋಗ್ತೀನಿ ಅಮ್ಮಾವ್ರೇ. ದೂಸ್ರಾ ಮಾತಿಲ್ಲ. ಆದ್ರೆ ಮೊದ್ಲು ಕಣ್ಣಾರೆ ತೋರ್ಸಿ" ಎಂದರು.

ಹೆಡ್‌ಮಿಸ್ಟ್ರೆಸ್ ಮೇಷ್ಟ್ರ ಕಡೆ ನೋಡಿದರು. ಎಲ್ಲರೂ ಸಾಯಿನ್ಸ್ ಕೋಣೆಗೆ ಬಂದೆವು. ಮೇಷ್ಟ್ರು ಹಲಗೆ ಜೋಡಿಸಿದರು, ಬಟ್ಟಲುಗಳಿಗೆ ತಾವೇ ಎಣ್ಣೆ ಹೊಯ್ದರು, ಡಬ್ಬಿಗೆ ಕೈ ಚಾಚಿ ಹಾಗೇ ನಿಂತರು. ಮಳೆಯ ರಭಸಕ್ಕೆ ಡಬ್ಬಿಯನ್ನು ಅವತ್ತು ಮನೆಯಲ್ಲೇ ಬಿಟ್ಟು ಬಂದಿದ್ದರು.

ಈಗ ತರುವವರು ಯಾರು? ಮೇಷ್ಟ್ರು ಹಲಗೆ ಬಿಟ್ಟು ಹೋಗಲು ಒಪ್ಪರು; ತಾವಿಲ್ಲದಾಗ ಯಾರಾದರೂ ಕೈಯಾಡಿಸಿದರೆ? ಜೈಬುವನ್ನು ಕಳಿಸುವ ಮಾತೇ ಇಲ್ಲ. ವಿಮಲಾ ಹೋಗಲಿ ಎಂದರೆ ಜೈಬು, "ಅವಳು ಬೇಡ" ಎಂದಳು. ಮೇಷ್ಟ್ರ ಮನೆ ನನಗೆ ಗೊತ್ತಿತ್ತು. ಆದರೆ ನಾನೂ ಅನುಮಾನದ ಪಟ್ಟಿಯಲ್ಲಿದ್ದವಳೇ.

ಗಫೂರ್ ಸಾಹೇಬರು ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿ, ನನ್ನ ಕಡೆ ಕೈ ತೋರಿಸಿ ಹೇಳಿದರು: "ಜೀಪಿದೆ. ಈ ಹುಡುಗಿ ಬರ್ಲಿ, ನಿಮ್ಮ ಆಯಾನೂ ಬರ್ಲಿ. ಹುಡುಗಿ ಮೇಲೆ ನಾನು ಕಣ್ಣಿಟ್ಟಿರ್ತೀನಿ, ನನ್ ಮೇಲೆ ಆಯಾ ಇಟ್ಟಿರ್ಲಿ. ಆಯ್ತಲ್ಲ?"

ಜೀಪಿನಲ್ಲಿ ಮೂವರೂ ಹೊರಟೆವು. ಹೊಸಮನೆಯ ಆ ಓಣಿಯಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಮೇಷ್ಟ್ರ ಮನೆಯಲ್ಲಿದ್ದವರು ಅವರ ತಾಯಿ ಒಬ್ಬರೇ, ನಾವೆಲ್ಲ ಗೌರಜ್ಜಿ ಎನ್ನುತ್ತಿದ್ದೆವು. ಬಾಗಿಲು ತೆರೆದೇ ಇತ್ತು. ಅಜ್ಜಿ ಅಡುಗೆಮನೆಯ ಹೊಸ್ತಿಲ ಹತ್ತಿರ, ಬೆಳಕು ಬೀಳುವ ಕಡೆ, ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ.

"ಅಜ್ಜಿ, ಸಾರ್ ಡಬ್ಬಿ ತಗೊಂಡ್ಬಾ ಅಂದ್ರು."

"ಬಂದ್ಯಾ ಮಗಾ? ಇರು, ಇನ್ನೊಂದೆರಡು ಜೋಡಿ ಮಾಡಿ ಕೊಡ್ತೀನಿ" ಎಂದು ಅಜ್ಜಿ ಡಬ್ಬಿಯಿಂದ ಎರಡು ಬತ್ತಿ ತೆಗೆದರು. ಬೆರಳಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು, ಎರಡನ್ನೂ ಕಾಲ ಮೇಲಿಟ್ಟು ಒಮ್ಮೆ ಹೊಸೆದರು. ಎರಡು ಒಂದಾಯಿತು. ಎರಡಿದ್ದವೆಂದು ಗೊತ್ತೇ ಆಗದಷ್ಟು ಬಿಗಿಯಾಗಿ.

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. "ಅಜ್ಜಿ... ಅದನ್ನ ಯಾಕೆ ಜೋಡಿ ಮಾಡ್ತಿದ್ದೀರಿ?"

"ಮತ್ತಿನ್ನೇನು? ಹೆಣ್ಮಕ್ಕಳು ಕತ್ತಲೆ ಮಾಡ್ಕೊಂಡು ಒಂಟಿ ಬತ್ತಿ ಹಚ್ಕೊಂಡು ಕೂರ್ತೀರಂತಲ್ಲ! ಒಂಟಿ ಬತ್ತಿ ಹಚ್ಚೋದು ಎಲ್ಲಿ ಅಂತ ನಿಮ್ಮಮ್ಮ ಹೇಳಿಲ್ವೇನೆ? ಹೆಣದ ತಲೆ ಹತ್ರ. ಇವನಿಗೆ ಹೇಳಿದ್ರೆ ಅದು ದೀಪ ಅಲ್ಲವ್ವಾ ಸಾಯಿನ್ಸು ಅಂತಾನೆ, ನಂಗೊತ್ತು. ಉರಿಯೋದೆಲ್ಲ ದೀಪ ಅಲ್ವೇನೆ? ಅದಕ್ಕೆ ಅವನು ಸ್ನಾನಕ್ಕೆ ಹೋದಾಗ ಒಂದಿಷ್ಟು, ಸಂಜೆ ಹೊರಗೆ ಹೋದಾಗ ಒಂದಿಷ್ಟು. ಕಣ್ಣು ಮಂಜು, ಎಲ್ಲಾ ಒಂದೇ ಸಲ ಆಗಲ್ಲ ನೋಡು."

ನನಗೆ ನಗು ಬಂತೋ ಅಳು ಬಂತೋ. ಎರಡು ಬತ್ತಿ ಒಂದಾದರೆ ಡಬ್ಬಿ ಬರಿದಾಗದೆ ಇನ್ನೇನು? ಜೋಡಿ ಬತ್ತಿ ಅಳತೆಯ ದೀಪಕ್ಕೆ ಬಿದ್ದ ದಿನ ಗುರುತು ಈಚೆಗೆ, ಎದುರು ದೀಪಕ್ಕೆ ಬಿದ್ದ ದಿನ ಆಚೆಗೆ. ಮನೆಯಲ್ಲಿ ದೇವರಿಗೆ ಜೋಡಿ ಬತ್ತಿಯನ್ನೇ ಹಾಕುವ ನಮ್ಮಂಥ ಹುಡುಗಿಯರಿಗೆ ಕೂಡ ಅದು ಹೊಳೆಯಲಿಲ್ಲ. ಶಾಲೆಯ ಮೇಜಿನ ಮೇಲಿದ್ದದ್ದು ನಮ್ಮ ಪಾಲಿಗೆ ಆಗಲೇ ದೀಪವಾಗಿ ಉಳಿದಿರಲಿಲ್ಲ.

ಹಿಂದಕ್ಕೆ ತಿರುಗಿದೆ. ಗಫೂರ್ ಸಾಹೇಬರು ಸೂರಿನಡಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಡಬ್ಬಿಯನ್ನು ಇಸಿದುಕೊಂಡು ಓಡಬಹುದಿತ್ತು. ಅವರು ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಬಗ್ಗಿ, ಮೆಲ್ಲಗೆ ಹೇಳಿದರು:

"ಅವ್ವಾ, ಆ ಡಬ್ಬಿ ನೀವೇ ಹಿಡ್ಕೊಂಡು ಬನ್ನಿ. ಸ್ಕೂಲ್ ತನಕ ಕರ್ಕೊಂಡೋಗಿ ವಾಪಸ್ ಬಿಡ್ತೀನಿ."

"ನಾನ್ಯಾಕಪ್ಪಾ? ಈ ಹುಡುಗಿ ಕೈಲಿ ಕೊಡ್ತೀನಲ್ಲ."

"ಬ್ಯಾಡ. ನಮ್ ಕೈ ಮೇಲೆ ಇವಾಗ ಯಾರಿಗೂ ನಂಬಿಕೆ ಇಲ್ಲ."

ಅಜ್ಜಿಗೆ ಏನು ಅರ್ಥವಾಯಿತೋ. ಜೀಪು ಹತ್ತುವ ಸಂಭ್ರಮಕ್ಕೆ ಒಳಗೆ ಹೋಗಿ ಶಾಲು ಹೊದ್ದುಕೊಂಡು ಬಂದರು. ದಾರಿಯುದ್ದಕ್ಕೂ, "ನಿಧಾನ ಬಿಡಪ್ಪಾ, ಬತ್ತಿ ಚೆಲ್ತದೆ" ಎನ್ನುತ್ತಿದ್ದರು.

ಅವರು ಸಾಯಿನ್ಸ್ ಕೋಣೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಾಗ ಮೇಷ್ಟ್ರು ಹಲಗೆಯ ಮೇಲಿಂದ ತಲೆಯೆತ್ತಿದರು. "ಅವ್ವಾ! ನೀನ್ಯಾಕೆ ಬಂದೆ?"

"ಬತ್ತಿ ಬೇಕಂದ್ಯಂತಲ್ಲ. ತಗೋ. ಅರ್ಧಕ್ಕರ್ಧ ಜೋಡಿ ಮಾಡಿದೀನಿ. ಉಳಿದದ್ದೂ ಇಲ್ಲೇ ಕೂತು ಮಾಡಿಕೊಡ್ತೀನಿ, ಒಂದು ಮಣೆ ಹಾಕ್ಸು."

ಮೇಷ್ಟ್ರು ಡಬ್ಬಿಯಿಂದ ಒಂದು ದಪ್ಪ ಬತ್ತಿ ತೆಗೆದು ಹುರಿ ಬಿಚ್ಚಿದರು. ಅದು ಎರಡಾಯಿತು. ಇನ್ನೊಂದನ್ನು ಬಿಚ್ಚಿದರು. ಅದೂ ಎರಡಾಯಿತು.

"ಇದು ನೀನಾ ಅವ್ವಾ?"

"ನಾನೇ. ಏನೀಗ?"

"ನನ್ನ ಅಳತೆಯೆಲ್ಲಾ ಹಾಳಾಯ್ತಲ್ಲವ್ವಾ!"

"ನಿನ್ನ ಅಳತೆ ಹಾಳಾದ್ರೆ ಇನ್ನೊಂದ್ಸಲ ಅಳ್ಕೋ. ಈ ಮಕ್ಕಳಿಗೆ ಹೆಚ್ಚುಕಮ್ಮಿ ಆದ್ರೆ ಏನೋ ಮಾಡ್ತಿದ್ದೆ?"

ಹೆಡ್‌ಮಿಸ್ಟ್ರೆಸ್ ಸೆರಗು ಬಾಯಿಗೆ ಒತ್ತಿಕೊಂಡರು. ಹಿಂದೆ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕ್ಲಾಸು ನಕ್ಕಿತು. ನಗದವರು ಇಬ್ಬರು, ಜೈಬು ಮತ್ತು ಅವಳಪ್ಪ. ಗಫೂರ್ ಸಾಹೇಬರು ಕೈ ಹಿಂದಕ್ಕೆ ಕಟ್ಟಿಕೊಂಡು ಮೇಷ್ಟ್ರನ್ನೇ ನೋಡುತ್ತಿದ್ದರು. ಅವರು ಕಾಯುತ್ತಿದ್ದದ್ದು ಏನೆಂದು ಕೋಣೆಗೆ ನಿಧಾನವಾಗಿ ತಿಳಿಯಿತು. ನಗು ತಾನಾಗಿ ನಿಂತಿತು.

ಸದಾಶಿವಯ್ಯ ಮೇಷ್ಟ್ರು ಎಲ್ಲದರ ಮೇಲೂ ಅನುಮಾನ ಪಟ್ಟವರು. ತಮ್ಮ ಒಲೆಯ ಮೇಲಿನ ಹಲಗೆಯೊಂದನ್ನು ಬಿಟ್ಟು. ಅವರು ಡಬ್ಬಿಯ ಮುಚ್ಚಳ ಹಾಕಿ, ಜೈಬುವಿನ ಮುಂದೆ ಬಂದು, ಎರಡೂ ಕೈಯಲ್ಲಿ ಚಾಚಿದರು.

"ತಗೋಮ್ಮಾ. ಇನ್ಮೇಲೆ ನಿನ್ನ ಹತ್ರಾನೇ ಇರ್ಲಿ. ಮನೆಗೂ ನೀನೇ ತಗೊಂಡೋಗು."

ಜೈಬು ಕೈ ಚಾಚಲಿಲ್ಲ.

"ಎಣಿಸಿ ಕೊಡಿ ಸಾರ್" ಎಂದಳು.

ಅವಳ ದನಿ ಗಟ್ಟಿಯಾಗೇನೂ ಇರಲಿಲ್ಲ. ಆದರೆ ಮಳೆಯ ಸದ್ದಿನ ನಡುವೆಯೂ ಹಿಂದಿನ ಬೆಂಚಿನವರೆಗೆ ಕೇಳಿಸಿತು. ಮೇಷ್ಟ್ರು ಅವಳ ಮುಖ ನೋಡಿದರು, ಅವಳಪ್ಪನ ಮುಖ ನೋಡಿದರು. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಒಂದೊಂದೇ ಬತ್ತಿಯನ್ನು ಎತ್ತಿಡುತ್ತಾ ಎಣಿಸತೊಡಗಿದರು. ಒಂದು. ಒಂದು, ಎಂದಳು ಜೈಬು. ಎರಡು. ಎರಡು. ಕೊನೆಯದರವರೆಗೂ ಹಾಗೆಯೇ ಎಣಿಸಿದರು. ಗೌರಜ್ಜಿ ಏನಾಯಿತೆಂದು ನನ್ನನ್ನು ಕೇಳಿ ತಿಳಿದುಕೊಂಡು, "ಈ ಕೂಸನ್ನೇನೋ ಅಂದಿದ್ದು ನೀನು?" ಎಂದು ಮಗನ ಕಡೆ ನೋಡಿದ ನೋಟವನ್ನು ನಾನು ಬರೆದು ತೋರಿಸಲಾರೆ.

ಗಫೂರ್ ಸಾಹೇಬರು ಟೋಪಿ ಸರಿ ಮಾಡಿಕೊಂಡರು. "ನಾಳೆನೂ ಬರ್ತಾಳೆ ಅಮ್ಮಾವ್ರೇ" ಎಂದು ಹೆಡ್‌ಮಿಸ್ಟ್ರೆಸ್‌ಗೆ ಹೇಳಿ, ಅಜ್ಜಿಯನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಹಳೇ ಗುರುತುಗಳನ್ನೆಲ್ಲ ಅಳಿಸಿದೆವು. ಗೌರಜ್ಜಿ ಬತ್ತಿಗಳನ್ನೆಲ್ಲ ಜೋಡಿ ಮಾಡಿಕೊಟ್ಟರು. ಎಲ್ಲವೂ ಜೋಡಿಯಾದ ಮೇಲೆ ಅಳತೆಗೇನು ಅಡ್ಡಿ? "ನಾಲ್ಕು" ಮತ್ತೆ ಸರಿಯಾಗಿ ಎರಡರಷ್ಟು ದೂರಕ್ಕೆ ಬಂದು ಕೂತಿತು. ರೈಲಿನಲ್ಲಿ ಹಲಗೆಯನ್ನು ಮಡಿಲ ಮೇಲಿಟ್ಟುಕೊಂಡು ಭದ್ರಾವತಿಗೆ ಹೋದೆವು. ಅಲ್ಲಿ ಒಬ್ಬ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ನಿಮ್ಮ ಅಳತೆಯ ದೀಪ ಅಂದ್ರೆ ಎಷ್ಟು?" ಎಂದು ಕೇಳಿದರು.

"ಒಂದು ಜೋಡಿ ಸಾರ್. ನಮ್ಮಲ್ಲಿ ಒಂಟಿ ಇಲ್ಲ" ಎಂದಳು ಜೈಬು.

ಬಹುಮಾನ ಬೇರೆ ಶಾಲೆಯ ಎತ್ತುವ ಯಂತ್ರಕ್ಕೆ ಹೋಯಿತು. ನಮ್ಮ ಮೇಷ್ಟ್ರು ಅದನ್ನೂ ಅನುಮಾನಿಸಿದರು. ಆದರೆ ಆ ವರ್ಷ ಮುಗಿಯುವವರೆಗೆ ದಿನಾ ಬೆಳಿಗ್ಗೆ ಜೈಬು ಡಬ್ಬಿಯನ್ನು ಅವರ ಮುಂದೆ ಸುರಿದು, ಎಣಿಸಿ, ಒಪ್ಪಿಸಿ, ಸಂಜೆ ಎಣಿಸಿಯೇ ಒಯ್ಯುತ್ತಿದ್ದಳು. "ಬೇಡಮ್ಮಾ, ಸಾಕಮ್ಮಾ" ಎಂದು ಅವರು ಎಷ್ಟು ಸಲ ಹೇಳಿದರೋ. ಅವಳು ಕೇಳಲಿಲ್ಲ.

ಜೈಬು ಲೆಕ್ಕದ ಟೀಚರ್ ಆಗಿ ಭದ್ರಾವತಿಯಲ್ಲಿ ಒಂದು ತಲೆಮಾರಿಗೆ ಸೀಮೆಸುಣ್ಣದಲ್ಲಿ ಹೊಡೆದು ನಿವೃತ್ತಳಾದಳು. ಸೋದರತ್ತೆಯ ಮಗನನ್ನೇ ಮದುವೆಯಾದಳು, ಆದರೆ ತನ್ನ ಕೆಲಸ ಸಿಕ್ಕ ಮೇಲೆ. ಈಗಲೂ ನೋಡಬೇಕೆನ್ನಿಸಿದಾಗ ಮಲವಗೊಪ್ಪದ ಮೇಲೆ ಬರುವ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಾಳೆ. ಎರಡು ದಿನ ಇರುತ್ತಾಳೆ. ನನ್ನ ಸೊಸೆಯನ್ನು ನಗಿಸುತ್ತಾಳೆ, ಅಡುಗೆಮನೆಯನ್ನೆಲ್ಲ ತನ್ನದೇ ಎಂಬಂತೆ ಕೆದಕುತ್ತಾಳೆ. ಹೊರಡುವಾಗ ಬಾಗಿಲ ಹತ್ತಿರ ನಿಂತು ಚೀಲದ ಬಾಯಿ ಅಗಲಿಸಿ ನನ್ನ ಮುಂದೆ ಹಿಡಿಯುತ್ತಾಳೆ.

"ನೋಡ್ಕೋ ಗಿರಿಜಾ. ನನ್ ಸೀರೆ, ನನ್ ಕನ್ನಡಕ, ನೀನು ಕೊಟ್ಟ ಉಪ್ಪಿನಕಾಯಿ. ಅಷ್ಟೇ."

ಎಷ್ಟೋ ವರ್ಷ ನಾನು, "ಮುಚ್ಚೇ ಮಾರಾಯ್ತಿ, ಏನಿದು" ಎಂದು ಅವಳ ಕೈಗೆ ಹೊಡೆಯುತ್ತಿದ್ದೆ. ಅವಳು ನಗುತ್ತಿದ್ದಳು, ಚೀಲ ಮಾತ್ರ ಮುಚ್ಚುತ್ತಿರಲಿಲ್ಲ. ಈಗ ಹಾಗನ್ನುವುದನ್ನು ಬಿಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತೇನೆ. ಸೀರೆ, ಕನ್ನಡಕದ ಡಬ್ಬಿ, ಉಪ್ಪಿನಕಾಯಿಯ ಬಾಟಲಿ.

"ಸರಿ ಇದೆ ಜೈಬು" ಎನ್ನುತ್ತೇನೆ.

ಆಮೇಲೆ ಅವಳು ಚೀಲದ ಬಾಯಿ ಕಟ್ಟುತ್ತಾಳೆ.